ಕೆನಡಾದಲ್ಲಿ ಇಟಿಎಫ್ ಆಯ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆನಡಾದಲ್ಲಿ ನೆಲೆಸಿ, ಸಂಬಳದಲ್ಲಿ ಉಳಿದ ಹಣವನ್ನು ತಾವೇ ಷೇರು ಮಾರುಕಟ್ಟೆಯಲ್ಲಿ ತೊಡಗಿಸಲು ಬಯಸುವ ಕನ್ನಡಿಗರಿಗಾಗಿ ಈ ಪ್ರಶ್ನೋತ್ತರ. ಬೇರೆ ಸೂಚನೆ ಇಲ್ಲದ ಕಡೆಗಳಲ್ಲಿ ಡಾಲರ್ ಎಂದರೆ ಕೆನಡಾದ ಡಾಲರ್. ತೆರಿಗೆ ಸಂಬಂಧದ ಮಿತಿಗಳು 2025ನೇ ಸಾಲಿನವು. ಯಾವ ಇಟಿಎಫ್ ಕೊಳ್ಳಬೇಕು ಎಂದೇ ಬಹುತೇಕರು ಮೊದಲು ಕೇಳುತ್ತಾರೆ. ಆದರೆ ಹಣ ಯಾವಾಗ ಬೇಕು, ಅದನ್ನು ಯಾವ ಖಾತೆಯಲ್ಲಿ ಇಡುತ್ತೀರಿ, ಭಾರತದಲ್ಲಿ ನಿಮಗೆ ಏನೇನು ಆಸ್ತಿ ಇದೆ ಎಂಬ ಮೂರು ಸಂಗತಿಗಳು ತೀರ್ಮಾನವಾದ ಮೇಲೆ ಆ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ತಾನಾಗಿಯೇ ಸಿಗುತ್ತದೆ ಎಂಬುದು ಈ ಲೇಖಕರ ಅಭಿಪ್ರಾಯ.

ಇಟಿಎಫ್ ಎಂದರೇನು? ಬ್ಯಾಂಕಿನಲ್ಲಿ ಕೊಡುವ ಮ್ಯೂಚುಯಲ್ ಫಂಡ್‌ಗೂ ಇದಕ್ಕೂ ಏನು ವ್ಯತ್ಯಾಸ?

ಎರಡೂ ಅನೇಕರ ಹಣವನ್ನು ಒಟ್ಟುಗೂಡಿಸಿ ಷೇರು ಅಥವಾ ಬಾಂಡ್‌ಗಳನ್ನು (ಸರ್ಕಾರ, ಕಂಪನಿಗಳ ಸಾಲಪತ್ರಗಳನ್ನು) ಕೊಳ್ಳುವ ನಿಧಿಗಳೇ. ಮ್ಯೂಚುಯಲ್ ಫಂಡ್‌ನ ಯೂನಿಟ್‌ಗಳನ್ನು ದಿನದ ಕೊನೆಯ ಮೌಲ್ಯಕ್ಕೆ ಫಂಡ್ ಸಂಸ್ಥೆಯಿಂದಲೇ ಕೊಳ್ಳಬೇಕಾಗುತ್ತದೆ. ಇಟಿಎಫ್‌ನ ಯೂನಿಟ್‌ಗಳು ಷೇರುಗಳ ಹಾಗೆ ಟೊರಾಂಟೊ ಷೇರು ವಿನಿಮಯ ಕೇಂದ್ರದಲ್ಲಿ ದಿನವಿಡೀ ಕೈಬದಲಾಗುತ್ತವೆ. ಅಂದ ಹಾಗೆ, ಜಗತ್ತಿನ ಮೊದಲ ಯಶಸ್ವಿ ಇಟಿಎಫ್ ಎಂದು ಹೇಳಲಾಗುವ ‘ಟಿಪ್ಸ್’ 1990ರಲ್ಲಿ ಹುಟ್ಟಿದ್ದು ನ್ಯೂಯಾರ್ಕ್‌ನಲ್ಲಲ್ಲ, ಇದೇ ಟೊರಾಂಟೊದಲ್ಲಿ.

ಹೂಡಿಕೆದಾರನಿಗೆ ಮುಖ್ಯವಾಗುವ ವ್ಯತ್ಯಾಸ ವೆಚ್ಚದ್ದು. ನಿಧಿಯ ನಿರ್ವಹಣೆಗೆಂದು ವರ್ಷಕ್ಕೆ ಕಡಿತವಾಗುವ ಹಣದ ಪ್ರಮಾಣವನ್ನು ಎಂಇಆರ್ ಎನ್ನುತ್ತಾರೆ. ಬ್ಯಾಂಕ್ ಶಾಖೆಗಳಲ್ಲಿ ಸಾಮಾನ್ಯವಾಗಿ ಸಿಗುವ ಷೇರು ಮ್ಯೂಚುಯಲ್ ಫಂಡ್‌ಗಳಲ್ಲಿ ಇದು ಶೇ 2ರ ಆಸುಪಾಸಿನಲ್ಲಿದ್ದರೆ, ಸೂಚ್ಯಂಕವನ್ನು (ಮಾರುಕಟ್ಟೆಯ ಒಟ್ಟಾರೆ ಏರಿಳಿತದ ಅಳತೆಯನ್ನು) ಅನುಸರಿಸುವ ಇಟಿಎಫ್‌ಗಳಲ್ಲಿ ಶೇ 0.05ರಿಂದ 0.25ರ ನಡುವೆ ಇರುತ್ತದೆ. ಒಂದು ಲಕ್ಷ ಡಾಲರ್ ವೆಚ್ಚಕ್ಕೆ ಮುನ್ನ ವರ್ಷಕ್ಕೆ ಶೇ 6ರಂತೆ 25 ವರ್ಷ ಬೆಳೆಯಿತು ಎಂದುಕೊಳ್ಳಿ: ಶೇ 2ರ ವೆಚ್ಚ ಕಳೆದರೆ ಸುಮಾರು 2,66,000 ಡಾಲರ್ ಕೈಗೆ ಬರುತ್ತದೆ, ಶೇ 0.2ರ ವೆಚ್ಚ ಕಳೆದರೆ ಸುಮಾರು 4,09,000. ಈ ವೆಚ್ಚಕ್ಕೆ ಯಾರೂ ಬಿಲ್ ಕಳಿಸುವುದಿಲ್ಲ, ದಿನದಿನವೂ ನಿಧಿಯ ಮೌಲ್ಯದಿಂದಲೇ ಕಳೆದುಹೋಗುತ್ತದೆ. ಆದ್ದರಿಂದಲೇ ವರ್ಷಗಟ್ಟಲೆ ಗಮನಕ್ಕೆ ಬಾರದೆ ಉಳಿಯುತ್ತದೆ.

ನೂರಾರು ಇಟಿಎಫ್‌ಗಳಿವೆ. ಎಲ್ಲಿಂದ ಆರಂಭಿಸಬೇಕು?

ಹಣ ಬೇಕಾಗುವ ದಿನದಿಂದ. ಮೂರು ವರ್ಷದೊಳಗೆ ಮನೆಯ ಮುಂಗಡಕ್ಕೋ ಮಗಳ ಕಾಲೇಜಿಗೋ ಬೇಕಾದ ಹಣವನ್ನು ಷೇರು ಇಟಿಎಫ್‌ನಲ್ಲಿ ಇಡಬಾರದು. ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಮುಟ್ಟದ ಹಣಕ್ಕೆ ಷೇರುಗಳ ಪಾಲು ಹೆಚ್ಚಿರಬಹುದು. ನಡುವಿನ ಅವಧಿಗೆ ಷೇರು ಮತ್ತು ಬಾಂಡ್‌ಗಳ ಮಿಶ್ರಣ ಸೂಕ್ತ.

ಆ ಮಿಶ್ರಣವನ್ನು ನಿರ್ಧರಿಸುವಾಗ ಎಷ್ಟು ಲಾಭ ಬರಬಹುದು ಎಂಬುದಕ್ಕಿಂತ ಎಷ್ಟು ಇಳಿದರೂ ಮಾರದೆ ಇರಬಲ್ಲಿರಿ ಎಂಬುದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವುದು ಒಳ್ಳೆಯದು. 2008ರ ಜೂನ್‌ನಿಂದ 2009ರ ಮಾರ್ಚ್‌ವರೆಗೆ ಟೊರಾಂಟೊ ಸೂಚ್ಯಂಕ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಅಂಥ ಹೊತ್ತಿನಲ್ಲಿ ಕೆಲಸವೂ ಹೋಗುವ ಸಂಭವ ಇರುವುದರಿಂದ, ಕನಿಷ್ಠ ನಾಲ್ಕಾರು ತಿಂಗಳ ಮನೆಖರ್ಚನ್ನು ಉಳಿತಾಯ ಖಾತೆಯಲ್ಲಿ ಬೇರೆಯಾಗಿ ಇಟ್ಟ ನಂತರವೇ ಹೂಡಿಕೆಯ ಮಾತು.

ಒಂದೇ ಇಟಿಎಫ್ ಸಾಕೇ, ನಾಲ್ಕೈದು ಬೇಕೇ?

ಬಹುತೇಕರಿಗೆ ಒಂದೇ ಸಾಕು. 2018ರಲ್ಲಿ ವ್ಯಾನ್‌ಗಾರ್ಡ್ ಸಂಸ್ಥೆ ಕೆನಡಾದಲ್ಲಿ ವಿಜಿಆರ್‌ಒ, ವಿಬಿಎಎಲ್ ಮುಂತಾದ ‘ಎಲ್ಲವೂ ಒಂದರಲ್ಲೇ’ ಇರುವ ಇಟಿಎಫ್‌ಗಳನ್ನು ತಂದ ಮೇಲೆ ಸಾಮಾನ್ಯ ಹೂಡಿಕೆದಾರನ ಕೆಲಸ ತುಂಬ ಹಗುರವಾಯಿತು. ಇಂಥ ಒಂದು ಇಟಿಎಫ್ ತನ್ನೊಳಗೆ ಕೆನಡಾ, ಅಮೆರಿಕ, ಯುರೋಪ್–ಜಪಾನ್ ಮತ್ತು ಭಾರತ–ಚೀನಾ ಮುಂತಾದ ಬೆಳೆಯುತ್ತಿರುವ ದೇಶಗಳ ಷೇರು ನಿಧಿಗಳನ್ನೂ ಬಾಂಡ್ ನಿಧಿಗಳನ್ನೂ ನಿಗದಿತ ಪ್ರಮಾಣದಲ್ಲಿ ಇಟ್ಟುಕೊಂಡಿರುತ್ತದೆ. ಒಂದು ಭಾಗ ಏರಿ ಇನ್ನೊಂದು ಇಳಿದಾಗ ಪ್ರಮಾಣವನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಇವುಗಳ ಎಂಇಆರ್ ಶೇ 0.2ರ ಆಸುಪಾಸಿನಲ್ಲಿದೆ.

ಹೆಸರುಗಳ ಹಿಂದಿನ ಲೆಕ್ಕ ಸರಳ. ಹೆಸರಿನಲ್ಲಿ ‘ಇಕ್ಯೂಟಿ’ ಇದ್ದರೆ ಪೂರ್ತಿ ಷೇರು, ‘ಜಿಆರ್‌ಒ’ ಇದ್ದರೆ ಸುಮಾರು 80 ಪಾಲು ಷೇರು 20 ಪಾಲು ಬಾಂಡ್, ‘ಬಿಎಎಲ್’ ಇದ್ದರೆ 60 ಪಾಲು ಷೇರು 40 ಪಾಲು ಬಾಂಡ್. ಮೊದಲ ಅಕ್ಷರ ಸಂಸ್ಥೆಯನ್ನು ಸೂಚಿಸುತ್ತದೆ: ವ್ಯಾನ್‌ಗಾರ್ಡ್‌ಗೆ ‘ವಿ’, ಐಷೇರ್ಸ್‌ಗೆ ‘ಎಕ್ಸ್’, ಬಿಎಂಒಗೆ ‘ಝಡ್’.

ಬಿಡಿಬಿಡಿಯಾಗಿ ನಾಲ್ಕೈದು ಇಟಿಎಫ್ ಕೊಂಡರೆ ವೆಚ್ಚ ಶೇ 0.1ರಷ್ಟು ಕಡಿಮೆಯಾಗಬಹುದು, ಒಂದು ಲಕ್ಷ ಡಾಲರ್‌ಗೆ ವರ್ಷಕ್ಕೆ ನೂರು ಡಾಲರ್ ಉಳಿತಾಯ. ಅದಕ್ಕೆ ಪ್ರತಿಯಾಗಿ, ಬಿದ್ದಿರುವುದನ್ನು ಕೊಂಡು ಏರಿರುವುದನ್ನು ಮಾರುವ ಕೆಲಸವನ್ನು ನೀವೇ ಶಿಸ್ತಿನಿಂದ ಮಾಡಬೇಕು. ಕಾಗದದ ಮೇಲೆ ಸುಲಭವಾಗಿ ಕಾಣುವ ಈ ಕೆಲಸವನ್ನು 2020ರ ಮಾರ್ಚ್‌ನಂಥ ತಿಂಗಳಲ್ಲಿ ಮಾಡಿದವರು ವಿರಳ. ಹಣ ಹಲವು ಲಕ್ಷ ಡಾಲರ್ ದಾಟಿ, ತೆರಿಗೆಯ ಲೆಕ್ಕಕ್ಕಾಗಿ ಬೇರೆ ಬೇರೆ ಖಾತೆಗಳಲ್ಲಿ ಬೇರೆ ಬೇರೆ ನಿಧಿ ಇಡುವ ಅಗತ್ಯ ಬಂದಾಗ ಈ ವಿಷಯವನ್ನು ಮತ್ತೆ ಯೋಚಿಸಿದರೆ ಸಾಕು.

ವಿಇಕ್ಯೂಟಿ ಒಳ್ಳೆಯದೇ, ಎಕ್ಸ್‌ಇಕ್ಯೂಟಿ ಒಳ್ಳೆಯದೇ, ಝಡ್‌ಇಕ್ಯೂಟಿ ಒಳ್ಳೆಯದೇ?

ಯಾವುದಾದರೂ ಸರಿ. ವಿಇಕ್ಯೂಟಿಯಲ್ಲಿ ಕೆನಡಾದ ಪಾಲು ಸುಮಾರು ಶೇ 30, ಎಕ್ಸ್‌ಇಕ್ಯೂಟಿಯಲ್ಲಿ ಶೇ 25. ಉಳಿದ ವ್ಯತ್ಯಾಸಗಳು ಅದಕ್ಕಿಂತಲೂ ಸಣ್ಣವು. ಈ ಪ್ರಶ್ನೆಯ ಮೇಲೆ ನಡೆಯುವ ಚರ್ಚೆಗೂ ಅದರ ಮಹತ್ವಕ್ಕೂ ಸಂಬಂಧವಿಲ್ಲ.

ಬಾಂಡ್‌ಗಳು ಬೇಕೇ? 2022ರಲ್ಲಿ ಅವೂ ಬಿದ್ದವಲ್ಲ?

ಬಿದ್ದದ್ದು ನಿಜ. ಬ್ಯಾಂಕ್ ಆಫ್ ಕೆನಡಾ ತನ್ನ ಬಡ್ಡಿದರವನ್ನು ಆ ವರ್ಷದ ಆರಂಭದ ಶೇ 0.25ರಿಂದ ಡಿಸೆಂಬರ್ ಹೊತ್ತಿಗೆ ಶೇ 4.25ಕ್ಕೆ ಏರಿಸಿತು. ಹೊಸ ಬಾಂಡ್‌ಗಳು ಹೆಚ್ಚು ಬಡ್ಡಿ ಕೊಡತೊಡಗಿದಾಗ ಕಡಿಮೆ ಬಡ್ಡಿಯ ಹಳೆಯ ಬಾಂಡ್‌ಗಳ ಬೆಲೆ ಇಳಿಯಲೇಬೇಕು. ಕೆನಡಾದ ಇಡೀ ಬಾಂಡ್ ಮಾರುಕಟ್ಟೆಯನ್ನು ಅನುಸರಿಸುವ ಝಡ್‌ಎಜಿ, ಎಕ್ಸ್‌ಬಿಬಿಯಂಥ ಇಟಿಎಫ್‌ಗಳು ಆ ವರ್ಷ ಸುಮಾರು ಶೇ 12ರಷ್ಟು ಕಳೆದುಕೊಂಡವು. ಆದರೆ ಅದೇ ಕಾರಣದಿಂದ ಈ ನಿಧಿಗಳು ಈಗ ಮೊದಲಿಗಿಂತ ಹೆಚ್ಚು ಬಡ್ಡಿ ತರುವ ಬಾಂಡ್‌ಗಳನ್ನು ಇಟ್ಟುಕೊಂಡಿವೆ. ಒಂದು ವರ್ಷದ ಶೇ 12ರ ಇಳಿಕೆಯನ್ನೂ ಷೇರುಗಳಲ್ಲಿ ಆಗಬಹುದಾದ ಶೇ 50ರ ಇಳಿಕೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ನಲವತ್ತರೊಳಗಿನವರು, ಕೆಲಸ ಭದ್ರವಾಗಿರುವವರು ಬಾಂಡ್ ಇಲ್ಲದೆ ನಡೆಸಬಹುದು. ಇಡೀ ಹಣವನ್ನು ಷೇರಿನಲ್ಲಿಟ್ಟು ದೊಡ್ಡ ಇಳಿಕೆಯನ್ನು ಇನ್ನೂ ಕಣ್ಣಾರೆ ಕಾಣದವರಿಗೆ 80–20ರ ಮಿಶ್ರಣದಿಂದ ಆರಂಭಿಸಿ ಎಂದೇ ಹೇಳಬೇಕಾಗುತ್ತದೆ.

ಎಸ್ ಆ್ಯಂಡ್ ಪಿ 500 ಇಟಿಎಫ್ ಒಂದನ್ನೇ ಕೊಂಡರೆ ಸಾಲದೇ? ಎಲ್ಲಕ್ಕಿಂತ ಹೆಚ್ಚು ಬೆಳೆದಿರುವುದು ಅದೇ ಅಲ್ಲವೇ?

ಕಳೆದ ಹದಿನೈದು ವರ್ಷ ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ. ಅಮೆರಿಕದ ಸುಮಾರು 500 ದೊಡ್ಡ ಕಂಪನಿಗಳ ಈ ಸೂಚ್ಯಂಕವನ್ನು ಅನುಸರಿಸುವ ವಿಎಫ್‌ವಿ ಮುಂತಾದ ಇಟಿಎಫ್‌ಗಳ ವೆಚ್ಚವೂ ಶೇ 0.1ಕ್ಕಿಂತ ಕಡಿಮೆ. ಆದರೆ 2000ದಿಂದ 2009ರವರೆಗಿನ ದಶಕವನ್ನೂ ನೋಡಬೇಕು. ಆ ಹತ್ತು ವರ್ಷ ಎಸ್ ಆ್ಯಂಡ್ ಪಿ 500ರಲ್ಲಿ ಹಣ ಇಟ್ಟು ಕೂತವನು ಲಾಭಾಂಶವನ್ನೆಲ್ಲ ಮರುಹೂಡಿದ ನಂತರವೂ ಅಮೆರಿಕನ್ ಡಾಲರ್ ಲೆಕ್ಕದಲ್ಲಿ ನಷ್ಟದಲ್ಲೇ ಇದ್ದ. ಕೆನಡಾದವನ ಪಾಡು ಇನ್ನೂ ಕಷ್ಟದ್ದು. ದಶಕದ ಆರಂಭದಲ್ಲಿ 69 ಅಮೆರಿಕನ್ ಸೆಂಟ್‌ನ ಹತ್ತಿರವಿದ್ದ ಕೆನಡಾದ ಡಾಲರ್ ಕೊನೆಯಲ್ಲಿ 95 ಸೆಂಟ್ ಮುಟ್ಟಿದ್ದರಿಂದ, ತನ್ನ ಹಣದ ಲೆಕ್ಕದಲ್ಲಿ ಅವನ ನಷ್ಟ ದೊಡ್ಡದಾಯಿತು. ಅದೇ ಹತ್ತು ವರ್ಷದಲ್ಲಿ ಟೊರಾಂಟೊ ಮಾರುಕಟ್ಟೆ ಲಾಭ ಕೊಟ್ಟಿತ್ತು. ಮುಂದಿನ ದಶಕ ಯಾರದು ಎಂಬುದು ತಿಳಿಯದಿರುವುದರಿಂದಲೇ ಎಲ್ಲ ದೇಶಗಳನ್ನೂ ಹಿಡಿದಿಡುವ ನಿಧಿಗೆ ಬೆಲೆ.

ಒಂದು ಮಾತು ಗಮನಿಸಿ: ಎಕ್ಸ್‌ಇಕ್ಯೂಟಿಯಲ್ಲಿ ಅಮೆರಿಕದ ಪಾಲು ಶೇ 45ರಷ್ಟಿದೆ. ಅದರ ಜೊತೆ ವಿಎಫ್‌ವಿಯನ್ನೂ ಕೊಂಡು ‘ವೈವಿಧ್ಯ ತಂದೆ’ ಎಂದುಕೊಳ್ಳುವವರು ಇರುವ ಕಂಪನಿಗಳನ್ನೇ ಎರಡನೇ ಸಲ ಕೊಂಡಿರುತ್ತಾರೆ.

ಜಗತ್ತಿನ ಮಾರುಕಟ್ಟೆಯಲ್ಲಿ ಕೆನಡಾದ ಪಾಲು ಶೇ 3ರಷ್ಟು ಮಾತ್ರ. ಹಾಗಿದ್ದರೂ ಈ ಇಟಿಎಫ್‌ಗಳಲ್ಲಿ ಅದಕ್ಕೆ ಶೇ 25–30 ಏಕೆ?

ನಿಮ್ಮ ಖರ್ಚು ಕೆನಡಾದ ಡಾಲರ್‌ನಲ್ಲಿ ಆಗುತ್ತದೆ ಎಂಬುದು ಒಂದು ಕಾರಣ. ಕೆನಡಾದ ಕಂಪನಿಗಳ ಲಾಭಾಂಶಕ್ಕೆ ತೆರಿಗೆ ರಿಯಾಯಿತಿ ಇದೆ, ಅದರ ಮೇಲೆ ಬೇರೆ ದೇಶದ ತೆರಿಗೆ ಕಡಿತ ಬೀಳುವುದಿಲ್ಲ ಎಂಬುದು ಇನ್ನೊಂದು. ಶೇ 3ಕ್ಕಿಂತ ಹೆಚ್ಚಿರುವುದನ್ನು ಹೀಗೆ ಸಮರ್ಥಿಸಬಹುದು. ಆದರೆ ಶೇ 60–70ರಷ್ಟನ್ನು ಕೆನಡಾದಲ್ಲೇ ಇಡುವುದಕ್ಕೆ ಸಮರ್ಥನೆ ಸಿಗುವುದಿಲ್ಲ, ಏಕೆಂದರೆ ಈ ಮಾರುಕಟ್ಟೆ ಬ್ಯಾಂಕ್, ತೈಲ ಮತ್ತು ಗಣಿ ಕಂಪನಿಗಳಿಂದ ತುಂಬಿಹೋಗಿದೆ. 2000ದ ಬೇಸಿಗೆಯಲ್ಲಿ ನೋರ್ಟೆಲ್ ಎಂಬ ಒಂದೇ ಕಂಪನಿ ಟೊರಾಂಟೊ ಸೂಚ್ಯಂಕದ ಮೂರನೇ ಒಂದಕ್ಕಿಂತ ಹೆಚ್ಚು ಭಾಗವನ್ನು ಆಕ್ರಮಿಸಿತ್ತು. 2009ರ ಜನವರಿಯಲ್ಲಿ ಅದು ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಕೆನಡಾದ ಷೇರುಗಳನ್ನಷ್ಟೇ ಇಟ್ಟುಕೊಳ್ಳುವ ಎಕ್ಸ್‌ಐಸಿಯಂಥ ನಿಧಿಗಳು ಯಾವ ಕಂಪನಿಯೂ ಶೇ 10 ಮೀರದಂತೆ ಮಿತಿ ಹಾಕಿದ ಸೂಚ್ಯಂಕವನ್ನು ಅನುಸರಿಸುತ್ತವೆ.

ಕರೆನ್ಸಿ ಏರಿಳಿತದಿಂದ ರಕ್ಷಣೆ ಇರುವ ‘ಹೆಡ್ಜ್ಡ್’ ಇಟಿಎಫ್ ಬೇಕೇ?

ಷೇರುಗಳಿಗೆ ಬೇಡ. ಜಗತ್ತಿನ ಮಾರುಕಟ್ಟೆಗಳು ಕುಸಿದಾಗ ಕೆನಡಾದ ಡಾಲರ್ ಸಾಮಾನ್ಯವಾಗಿ ಅಮೆರಿಕನ್ ಡಾಲರ್ ಎದುರು ಇಳಿಯುತ್ತದೆ, ಆಗ ಹೆಡ್ಜ್ ಮಾಡದ ನಿಧಿಯ ನಷ್ಟ ಸ್ವಲ್ಪ ಕಡಿಮೆಯಾಗಿರುತ್ತದೆ. ಹೆಡ್ಜ್ ಮಾಡಲು ತಗಲುವ ವೆಚ್ಚವೂ ಉಳಿಯುತ್ತದೆ. ವಿದೇಶಿ ಬಾಂಡ್‌ಗಳ ವಿಷಯ ಬೇರೆ. ಅಲ್ಲಿ ಹೆಡ್ಜ್ ಇರುವುದೇ ಸರಿ.

ಯಾವ ಖಾತೆಯನ್ನು ಮೊದಲು ತುಂಬಬೇಕು?

ಉದ್ಯೋಗದಾತರು ನಿಮ್ಮ ವಂತಿಗೆಗೆ ಸಮನಾಗಿ ತಾವೂ ಹಣ ಹಾಕುವ ಗುಂಪು ಯೋಜನೆ ಇದ್ದರೆ ಮೊದಲು ಅದು. ಬೇರೆಲ್ಲೂ ಸಿಗದ ಲಾಭ ಅದು. ಆ ಮೇಲಿನ ಕ್ರಮ ನಿಮ್ಮ ಆದಾಯವನ್ನು ಅವಲಂಬಿಸುತ್ತದೆ.

ಟಿಎಫ್‌ಎಸ್‌ಎ (ತೆರಿಗೆಮುಕ್ತ ಉಳಿತಾಯ) ಖಾತೆಯಲ್ಲಿ ಬೆಳೆದ ಹಣಕ್ಕೂ ತೆಗೆದ ಹಣಕ್ಕೂ ಕೆನಡಾದಲ್ಲಿ ತೆರಿಗೆ ಇಲ್ಲ. 2025ರ ಮಿತಿ 7,000 ಡಾಲರ್. ಹೊಸದಾಗಿ ಬಂದವರು ಇಲ್ಲಿ ಎಡವುವುದು ಒಂದೇ ಕಡೆ: 2009ರಿಂದ 2025ರವರೆಗೆ ಒಟ್ಟಾದ 1,02,000 ಡಾಲರ್ ಮಿತಿ ಅಂದಿನಿಂದಲೂ ಇಲ್ಲೇ ವಾಸವಿದ್ದ ವಯಸ್ಕರಿಗೆ ಮಾತ್ರ. ನಿಮ್ಮ ಲೆಕ್ಕ ನೀವು ಕೆನಡಾದ ನಿವಾಸಿಯಾದ ವರ್ಷದಿಂದ ಆರಂಭವಾಗುತ್ತದೆ. ಅಕ್ಟೋಬರ್‌ನಲ್ಲಿ ಬಂದಿಳಿದರೂ ಆ ವರ್ಷದ ಮಿತಿ ಪೂರ್ತಿ ಸಿಗುತ್ತದೆ, ಹಿಂದಿನ ವರ್ಷಗಳದು ಸಿಗುವುದಿಲ್ಲ. ಮಿತಿ ಮೀರಿದ ಹಣಕ್ಕೆ ತಿಂಗಳಿಗೆ ಶೇ 1ರ ದಂಡ.

ನಿವೃತ್ತಿ ಉಳಿತಾಯದ ಖಾತೆಯಾದ ಆರ್‌ಆರ್‌ಎಸ್‌ಪಿಗೆ ಹಾಕಿದ ಹಣ ಈಗಿನ ಆದಾಯದಿಂದ ಕಳೆಯುತ್ತದೆ, ತೆಗೆಯುವಾಗ ಆದಾಯಕ್ಕೆ ಸೇರುತ್ತದೆ. ಹೀಗಾಗಿ ಈಗ ಹೆಚ್ಚು ತೆರಿಗೆ ಕಟ್ಟುತ್ತಿರುವವರಿಗೆ ಲಾಭ. ಹಿಂದಿನ ವರ್ಷದ ಗಳಿಕೆಯ ಶೇ 18, ಗರಿಷ್ಠ 32,490 ಡಾಲರ್ ಎಂಬುದು 2025ರ ಮಿತಿ. ಬಂದ ಮೊದಲ ವರ್ಷ, ಕೆನಡಾದಲ್ಲಿ ಹಿಂದಿನ ಗಳಿಕೆಯೇ ಇಲ್ಲದಿರುವುದರಿಂದ, ಈ ಖಾತೆಗೆ ಹಣ ಹಾಕಲು ಅವಕಾಶವಿರುವುದಿಲ್ಲ.

ಮೊದಲ ಮನೆ ಕೊಳ್ಳುವವರಿಗೆಂದು 2023ರಲ್ಲಿ ಬಂದ ಎಫ್‌ಎಚ್‌ಎಸ್‌ಎ ಎರಡರ ಅನುಕೂಲವನ್ನೂ ಕೊಡುತ್ತದೆ: ಹಾಕುವಾಗ ರಿಯಾಯಿತಿ, ಮನೆಗಾಗಿ ತೆಗೆಯುವಾಗ ತೆರಿಗೆ ಇಲ್ಲ. ವರ್ಷಕ್ಕೆ 8,000, ಒಟ್ಟು 40,000 ಡಾಲರ್. ಮಿತಿ ಲೆಕ್ಕಕ್ಕೆ ಬರುವುದು ಖಾತೆ ತೆರೆದ ವರ್ಷದಿಂದ. ಆದ್ದರಿಂದ ಅರ್ಹತೆ ಇದ್ದವರು ಹಣವಿಲ್ಲದಿದ್ದರೂ ಖಾತೆ ತೆರೆದಿಡಬಹುದು. ಬೆಂಗಳೂರಿನಲ್ಲಿ ಸ್ವಂತ ಫ್ಲ್ಯಾಟ್‌ನಲ್ಲಿ ವಾಸವಿದ್ದು ಬಂದವರು ಎಚ್ಚರ ವಹಿಸಬೇಕು. ಆ ವರ್ಷ ಅಥವಾ ಹಿಂದಿನ ನಾಲ್ಕು ವರ್ಷಗಳಲ್ಲಿ ಸ್ವಂತ ಮನೆಯಲ್ಲಿ ವಾಸವಿದ್ದರೆ, ಮನೆ ಕೆನಡಾದ ಹೊರಗಿದ್ದರೂ, ಈ ಖಾತೆ ತೆರೆಯುವ ಅರ್ಹತೆ ಇರುವುದಿಲ್ಲ.

ಮಕ್ಕಳಿದ್ದರೆ ಅವರ ಶಿಕ್ಷಣಕ್ಕಾಗಿ ಉಳಿಸುವ ಆರ್‌ಇಎಸ್‌ಪಿ ಖಾತೆಯನ್ನು ಬಿಡಬಾರದು. ವರ್ಷಕ್ಕೆ 2,500 ಡಾಲರ್ ಹಾಕಿದರೆ ಸರ್ಕಾರ 500 ಡಾಲರ್ ಸೇರಿಸುತ್ತದೆ. ಒಂದು ಮಗುವಿಗೆ ಒಟ್ಟು 7,200 ಡಾಲರ್‌ವರೆಗೆ.

ಅಮೆರಿಕದ ಲಾಭಾಂಶದ ಮೇಲೆ ಶೇ 15 ತೆರಿಗೆ ಕಡಿತವಾಗುತ್ತದಂತೆ. ಹಾಗಾದರೆ ಅಮೆರಿಕದಲ್ಲಿ ಪಟ್ಟಿಯಾದ ಇಟಿಎಫ್ ಕೊಳ್ಳಬೇಕೇ?

ವಿಎಫ್‌ವಿಯಲ್ಲಿ 10,000 ಡಾಲರ್ ಇದೆ, ವರ್ಷಕ್ಕೆ ಶೇ 1.5 ಲಾಭಾಂಶ ಬಂತು ಎಂದುಕೊಳ್ಳಿ. 150 ಡಾಲರ್‌ನಲ್ಲಿ ಶೇ 15, ಅಂದರೆ 22 ಡಾಲರ್ 50 ಸೆಂಟ್, ನಿಮಗೆ ತಲುಪುವ ಮೊದಲೇ ಅಮೆರಿಕದ ತೆರಿಗೆಯಾಗಿ ಹೋಗುತ್ತದೆ. ಸಾಮಾನ್ಯ ತೆರಿಗೆ ಖಾತೆಯಲ್ಲಿ ಅದನ್ನು ವಿದೇಶಿ ತೆರಿಗೆ ಕ್ರೆಡಿಟ್ ಆಗಿ ಮರಳಿ ಪಡೆಯಬಹುದು. ಟಿಎಫ್‌ಎಸ್‌ಎಯಲ್ಲಿ ಅದು ಹೋದದ್ದು ಹೋದಂತೆಯೇ, ಯಾವ ಇಟಿಎಫ್ ಕೊಂಡರೂ ತಪ್ಪದು. ಆರ್‌ಆರ್‌ಎಸ್‌ಪಿಯಲ್ಲಿ ಮಾತ್ರ, ಉಭಯ ದೇಶಗಳ ಒಪ್ಪಂದದ ಪ್ರಕಾರ, ವಿಟಿಐ ಮುಂತಾದ ಅಮೆರಿಕದಲ್ಲಿ ಪಟ್ಟಿಯಾದ ಇಟಿಎಫ್‌ಗಳನ್ನು ನೇರವಾಗಿ ಇಟ್ಟುಕೊಂಡರೆ ಈ ಕಡಿತವಿಲ್ಲ.

ಹೀಗೆ ಉಳಿಯುವುದು ವರ್ಷಕ್ಕೆ ಶೇ 0.2ರಷ್ಟು. ಆದರೆ ಅಮೆರಿಕನ್ ಡಾಲರ್ ಕೊಳ್ಳಬೇಕಲ್ಲ. ಅನೇಕ ಬ್ರೋಕರೇಜ್‌ಗಳು (ಷೇರು ದಲ್ಲಾಳಿ ಸಂಸ್ಥೆಗಳು) ಪರಿವರ್ತನೆಗೆ ಶೇ 1.5ರವರೆಗೆ ತೆಗೆದುಕೊಳ್ಳುತ್ತವೆ, ಅಂದರೆ ಏಳು ವರ್ಷದ ಉಳಿತಾಯ ಮೊದಲ ದಿನವೇ ಮುಗಿಯಿತು. ಇದನ್ನು ತಪ್ಪಿಸಲು ‘ನಾರ್ಬರ್ಟ್ಸ್ ಗ್ಯಾಂಬಿಟ್’ ಎಂಬ ದಾರಿ ಇದೆ: ಅಮೆರಿಕನ್ ಡಾಲರ್ ನಗದನ್ನೇ ಇಟ್ಟುಕೊಳ್ಳುವ ಡಿಎಲ್‌ಆರ್ ಇಟಿಎಫ್ ಅನ್ನು ಟೊರಾಂಟೊದಲ್ಲಿ ಕೆನಡಾದ ಡಾಲರ್‌ಗೆ ಕೊಂಡು, ಅದನ್ನು ಅದರ ಅಮೆರಿಕನ್ ಡಾಲರ್ ರೂಪಕ್ಕೆ ವರ್ಗಾಯಿಸುವಂತೆ ಬ್ರೋಕರೇಜ್‌ಗೆ ಹೇಳಿ, ಆ ಮೇಲೆ ಮಾರುವುದು. ಆರ್‌ಆರ್‌ಎಸ್‌ಪಿಯಲ್ಲಿ ಒಂದು ಲಕ್ಷ ಡಾಲರ್‌ಗಿಂತ ಕಡಿಮೆ ಇರುವವರು ಈ ಗೋಜಿಗೆ ಹೋಗಬೇಕಾಗಿಲ್ಲ. ಇನ್ನೊಂದು ತೊಡಕೂ ಇದೆ. ಅಮೆರಿಕದಲ್ಲಿ ಪಟ್ಟಿಯಾದ ಷೇರು ಮತ್ತು ಇಟಿಎಫ್‌ಗಳು 60,000 ಅಮೆರಿಕನ್ ಡಾಲರ್ ಮೀರಿದ್ದು ಮಾಲೀಕ ತೀರಿಕೊಂಡರೆ, ತೆರಿಗೆ ಬಾರದಿದ್ದರೂ, ಮನೆಯವರು ಅಮೆರಿಕಕ್ಕೆ ಆಸ್ತಿ ತೆರಿಗೆಯ ವಿವರ ಸಲ್ಲಿಸಬೇಕಾಗಬಹುದು. ಟೊರಾಂಟೊದಲ್ಲಿ ಪಟ್ಟಿಯಾದ ಇಟಿಎಫ್‌ಗಳಿಗೆ ಈ ತಾಪತ್ರಯವಿಲ್ಲ.

ತಿಂಗಳು ತಿಂಗಳು ಹಣ ಕೊಡುವ ಡಿವಿಡೆಂಡ್ ಮತ್ತು ‘ಕವರ್ಡ್ ಕಾಲ್’ ಇಟಿಎಫ್‌ಗಳು ಹೇಗೆ?

ಬಾಡಿಗೆ ಬರುವ ಮನೆಯನ್ನೇ ಆಸ್ತಿಯೆಂದು ನಂಬಿ ಬೆಳೆದ ನಮಗೆ, ತಿಂಗಳ ಕೊನೆಗೆ ಖಾತೆಗೆ ಬೀಳುವ ಹಣದ ಮೇಲೆ ವಿಶೇಷ ಒಲವಿದೆ. ಆದರೆ ಲಾಭಾಂಶ ಹಂಚಿದ ದಿನ ಇಟಿಎಫ್‌ನ ಬೆಲೆ ಅಷ್ಟೇ ಮಟ್ಟಿಗೆ ಇಳಿಯುತ್ತದೆ. ಹೊಸ ಸಂಪತ್ತೇನೂ ಹುಟ್ಟುವುದಿಲ್ಲ. ಕವರ್ಡ್ ಕಾಲ್ ಇಟಿಎಫ್ ತನ್ನಲ್ಲಿರುವ ಷೇರುಗಳು ಇಂತಿಷ್ಟಕ್ಕಿಂತ ಮೇಲೇರಿದರೆ ಆ ಲಾಭವನ್ನು ಬಿಟ್ಟುಕೊಡುವುದಾಗಿ ಇತರರಿಗೆ ಒಪ್ಪಂದ ಮಾರಿ, ಅದರಿಂದ ಬಂದ ಹಣವನ್ನು ಹಂಚುತ್ತದೆ. ಹೀಗಾಗಿ ಮಾರುಕಟ್ಟೆ ಏರಿದಾಗ ಇದರ ಏರಿಕೆಗೆ ಕಡಿವಾಣ, ಇಳಿದಾಗ ಹೆಚ್ಚುಕಡಿಮೆ ಪೂರ್ತಿ ನಷ್ಟ, ಮೇಲಾಗಿ ಎಂಇಆರ್ ಶೇ 0.7ರ ಆಸುಪಾಸು. ಶೇ 7 ಕೊಡುತ್ತದೆ, ಶೇ 10 ಕೊಡುತ್ತದೆ ಎಂಬ ಜಾಹೀರಾತಿನಲ್ಲಿ ನಿಮ್ಮದೇ ಅಸಲು ಮರಳಿ ಬರುತ್ತಿರುವ ಭಾಗವೂ ಇರಬಹುದು. ಇನ್ನೂ ದುಡಿಯುತ್ತಿರುವವರಿಗೆ ಇವು ಬೇಕೆಂದು ಹೇಳಲು ಕಾರಣ ಕಾಣುವುದಿಲ್ಲ.

ಎರಡು ವರ್ಷದಲ್ಲಿ ಮನೆ ಕೊಳ್ಳಬೇಕು. ಮುಂಗಡದ ಹಣಕ್ಕೆ ಯಾವ ಇಟಿಎಫ್?

ಬ್ಯಾಂಕ್ ಠೇವಣಿಗಳಲ್ಲಿ ಹಣ ಇಡುವ ಸಿಎಎಸ್‌ಎಚ್, ಪಿಎಸ್‌ಎಯಂಥವು ಅಥವಾ ಸರ್ಕಾರದ ಅಲ್ಪಾವಧಿ ಟ್ರೆಷರಿ ಬಿಲ್‌ಗಳನ್ನು ಇಟ್ಟುಕೊಂಡಿರುವ ಸಿಬಿಐಎಲ್‌ನಂಥವು ಆಗಬಹುದು. ಬ್ಯಾಂಕಿನ ಜಿಐಸಿಗೆ (ನಿಶ್ಚಿತ ಅವಧಿಯ ಠೇವಣಿಗೆ) ಸಿಗುವ ಸಿಡಿಐಸಿ ಠೇವಣಿ ವಿಮೆಯ ರಕ್ಷಣೆ ಇಟಿಎಫ್ ಯೂನಿಟ್‌ಗಳಿಗೆ ಇಲ್ಲ. ದಿನಾಂಕ ಖಚಿತವಾಗಿದ್ದರೆ ಜಿಐಸಿಯೇ ಮೇಲು.

ಭಾರತ ವೇಗವಾಗಿ ಬೆಳೆಯುತ್ತಿದೆ. ಟೊರಾಂಟೊದಲ್ಲಿ ಸಿಗುವ ಭಾರತದ ಇಟಿಎಫ್ ಕೊಳ್ಳಲೇ?

ಐಷೇರ್ಸ್‌ನ ಎಕ್ಸ್‌ಐಡಿ ಮತ್ತು ಬಿಎಂಒದ ಝಡ್‌ಐಡಿ ಇವೆ. ಎಕ್ಸ್‌ಐಡಿಯ ಎಂಇಆರ್ ಶೇ 1ರ ಹತ್ತಿರ. ಎಕ್ಸ್‌ಇಕ್ಯೂಟಿಯದಕ್ಕೆ ಹೋಲಿಸಿದರೆ ಸುಮಾರು ಐದು ಪಟ್ಟು. ಎಕ್ಸ್‌ಇಕ್ಯೂಟಿಯಲ್ಲಿ ಬೆಳೆಯುತ್ತಿರುವ ದೇಶಗಳಿಗೆ ಇರುವುದು ಶೇ 5, ಅದರೊಳಗೆ ಭಾರತದ ಪಾಲು ಹೆಚ್ಚೆಂದರೆ ಐದನೇ ಒಂದು. ಒಟ್ಟು ಲೆಕ್ಕದಲ್ಲಿ ಶೇ 1. ಇದು ಕಡಿಮೆ ಅನ್ನಿಸಬಹುದು. ಆದರೆ ಮೈಸೂರಿನಲ್ಲಿ ಸೈಟು, ಹುಬ್ಬಳ್ಳಿಯಲ್ಲಿ ಮನೆಯ ಪಾಲು, ಬ್ಯಾಂಕಿನಲ್ಲಿ ಎಫ್‌ಡಿ ಇರುವವರು ಈಗಾಗಲೇ ಭಾರತದ ಮೇಲೆ ಸಾಕಷ್ಟು ದೊಡ್ಡ ಹೂಡಿಕೆ ಮಾಡಿದ್ದಾರೆ. ಅದನ್ನೂ ಸೇರಿಸಿ ಒಟ್ಟು ಆಸ್ತಿಯ ಪಟ್ಟಿ ಬರೆದು ನೋಡಿದ ಮೇಲೆ ಇನ್ನೂ ಬೇಕೆನಿಸಿದರೆ ಶೇ 5 ಮೀರದಂತೆ ಇಡಬಹುದು.

ಅನಿವಾಸಿ ಭಾರತೀಯರು ಭಾರತದಲ್ಲಿಡುವ ಎನ್‌ಆರ್‌ಇ ಠೇವಣಿಗೆ ತೆರಿಗೆ ಇಲ್ಲ. ಇಟಿಎಫ್ ಬದಲು ಅದೇ ಲೇಸಲ್ಲವೇ?

ತೆರಿಗೆ ಇಲ್ಲದಿರುವುದು ಭಾರತದಲ್ಲಿ. ಕೆನಡಾದ ನಿವಾಸಿಗೆ ಜಗತ್ತಿನ ಎಲ್ಲ ಕಡೆಯ ಆದಾಯಕ್ಕೂ ಕೆನಡಾದಲ್ಲಿ ತೆರಿಗೆ ಇದೆ, ಎನ್‌ಆರ್‌ಇ ಬಡ್ಡಿಯೂ ಅದರಲ್ಲಿ ಸೇರುತ್ತದೆ, ಅದೂ ಪೂರ್ತಿಯಾಗಿ. ಬಂಡವಾಳ ಲಾಭಕ್ಕಿರುವಂತೆ ಅರ್ಧದ ವಿನಾಯಿತಿ ಬಡ್ಡಿಗಿಲ್ಲ. ರೂಪಾಯಿ ದೀರ್ಘಾವಧಿಯಲ್ಲಿ ಡಾಲರ್ ಎದುರು ಇಳಿಯುತ್ತಲೇ ಬಂದಿರುವುದನ್ನೂ ಸೇರಿಸಿದರೆ ಶೇ 7ರ ಬಡ್ಡಿ ಕಾಣುವಷ್ಟು ದೊಡ್ಡದಲ್ಲ.

ಇದಕ್ಕೆ ಅಂಟಿಕೊಂಡೇ ಬರುವುದು ಟಿ1135 ಎಂಬ ನಮೂನೆ. ವರ್ಷದ ಯಾವುದೇ ದಿನ ನಿಮ್ಮ ವಿದೇಶಿ ಆಸ್ತಿಗಳ ಮೂಲವೆಚ್ಚ ಒಟ್ಟು ಒಂದು ಲಕ್ಷ ಡಾಲರ್ ಮೀರಿದರೆ ತೆರಿಗೆ ಇಲಾಖೆಗೆ ಈ ವಿವರ ಸಲ್ಲಿಸಬೇಕು. ಭಾರತದ ಠೇವಣಿ, ಷೇರು, ಮ್ಯೂಚುಯಲ್ ಫಂಡ್, ಬಾಡಿಗೆಗೆ ಕೊಟ್ಟ ಮನೆ, ಹೂಡಿಕೆಗೆಂದು ಕೊಂಡ ಸೈಟು, ಸಾಮಾನ್ಯ ಖಾತೆಯಲ್ಲಿರುವ ಅಮೆರಿಕದ ಇಟಿಎಫ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಊರಿಗೆ ಹೋದಾಗ ಉಳಿದುಕೊಳ್ಳಲು ಇಟ್ಟುಕೊಂಡ ಸ್ವಂತ ಮನೆ ಬರುವುದಿಲ್ಲ. ಕೆನಡಾದ ನಿವಾಸಿಯಾದ ಮೊದಲ ವರ್ಷ ಸಲ್ಲಿಸಬೇಕಾಗಿಲ್ಲ. ತಡವಾದರೆ ದಿನಕ್ಕೆ 25 ಡಾಲರ್‌ನಂತೆ 2,500 ಡಾಲರ್‌ವರೆಗೆ ದಂಡ. ಒಳಗೆ ಅಮೆರಿಕದ ಷೇರುಗಳೇ ಇದ್ದರೂ, ವಿಎಫ್‌ವಿಯಂಥ ಕೆನಡಾದ ಇಟಿಎಫ್‌ಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. ಊರಲ್ಲಿ ಆಸ್ತಿಯಿರುವವರು ಟೊರಾಂಟೊ ಪಟ್ಟಿಯ ಇಟಿಎಫ್‌ಗಳನ್ನೇ ಹಿಡಿಯಲು ಇದೂ ಒಂದು ಒಳ್ಳೆಯ ಕಾರಣ.

ಆರ್ಡರ್ ಹಾಕುವುದು ಹೇಗೆ?

ಬ್ರೋಕರೇಜ್ ಪರದೆಯಲ್ಲಿ ಎರಡು ಬೆಲೆ ಕಾಣುತ್ತವೆ. ಬಿಡ್ 35.20, ಆಸ್ಕ್ 35.22 ಎಂದಿದ್ದರೆ ಕೊಳ್ಳುವವರು ಕೊಡಲು ಸಿದ್ಧರಿರುವುದು ಮೊದಲನೆಯದು, ಮಾರುವವರು ಕೇಳುತ್ತಿರುವುದು ಎರಡನೆಯದು. ‘ಲಿಮಿಟ್’ ಆರಿಸಿ, ಆಸ್ಕ್ ಬೆಲೆಯನ್ನೋ ಅದಕ್ಕಿಂತ ಒಂದು ಸೆಂಟ್ ಹೆಚ್ಚನ್ನೋ ಬರೆದರೆ ಅದಕ್ಕಿಂತ ಹೆಚ್ಚು ಕೊಡುವ ಪ್ರಮೇಯ ಬರುವುದಿಲ್ಲ. ಪೂರ್ವ ವಲಯದ (ಟೊರಾಂಟೊದ) ಸಮಯದಂತೆ ಮಾರುಕಟ್ಟೆ ಬೆಳಿಗ್ಗೆ 9.30ರಿಂದ ಸಂಜೆ 4ರವರೆಗೆ ತೆರೆದಿರುತ್ತದೆ. ಮೊದಲ ಮತ್ತು ಕೊನೆಯ ಕಾಲು ಗಂಟೆ ಬಿಡುವುದು ಒಳ್ಳೆಯದು, ಆಗ ಎರಡು ಬೆಲೆಗಳ ಅಂತರ ಹಿಗ್ಗಿರುತ್ತದೆ. ಎರಡು ಸೆಂಟ್ ಇರಬೇಕಾದ ಅಂತರ ಇಪ್ಪತ್ತು ಸೆಂಟ್ ಆಗಿದ್ದರೆ ಆರ್ಡರ್ ಹಾಕದೆ ಕಾಯಿರಿ.

ದಿನಕ್ಕೆ ಎಷ್ಟು ಯೂನಿಟ್ ಕೈಬದಲಾಯಿತು ಎಂಬ ಸಂಖ್ಯೆ ಕಡಿಮೆ ಕಂಡರೆ ಹೆದರಬೇಕಾಗಿಲ್ಲ. ಒಳಗಿರುವ ಷೇರುಗಳು ಸುಲಭವಾಗಿ ಮಾರಾಟವಾಗುವಂಥವಾಗಿದ್ದರೆ, ಸದಾ ಕೊಳ್ಳಲು ಮಾರಲು ಸಿದ್ಧವಿರುವ ‘ಮಾರ್ಕೆಟ್ ಮೇಕರ್’ ಸಂಸ್ಥೆಗಳು ಬೇಕಾದಷ್ಟು ಹೊಸ ಯೂನಿಟ್‌ಗಳನ್ನು ಸೃಷ್ಟಿಸಿ ಕೊಡುತ್ತವೆ.

ಬ್ರೋಕರೇಜ್ ಮುಳುಗಿದರೆ?

ಹೂಡಿಕೆದಾರರ ರಕ್ಷಣಾ ನಿಧಿಯಾದ ಸಿಐಪಿಎಫ್‌ನ ಸದಸ್ಯತ್ವ ಇರುವ ಬ್ರೋಕರೇಜ್ ದಿವಾಳಿಯಾಗಿ ನಿಮ್ಮ ಯೂನಿಟ್‌ಗಳು ಕಾಣೆಯಾದರೆ, ಸಾಮಾನ್ಯ ಖಾತೆ ಮತ್ತು ಟಿಎಫ್‌ಎಸ್‌ಎ ಎರಡಕ್ಕೂ ಸೇರಿ ಹತ್ತು ಲಕ್ಷ ಡಾಲರ್, ಆರ್‌ಆರ್‌ಎಸ್‌ಪಿಗೆ ಪ್ರತ್ಯೇಕವಾಗಿ ಹತ್ತು ಲಕ್ಷ ಡಾಲರ್‌ವರೆಗೆ ರಕ್ಷಣೆ ಇದೆ. ಮಾರುಕಟ್ಟೆ ಇಳಿದು ಆದ ನಷ್ಟಕ್ಕೆ ಇದು ಅನ್ವಯಿಸದು.

ಸಾಮಾನ್ಯ ತೆರಿಗೆ ಖಾತೆಯಲ್ಲಿ ಇಟಿಎಫ್ ಇಟ್ಟರೆ ಯಾವ ಲೆಕ್ಕ ಬರೆದಿಡಬೇಕು?

ಎಸಿಬಿ ಎಂದು ಕರೆಯುವ ಸರಾಸರಿ ಮೂಲವೆಚ್ಚದ ಲೆಕ್ಕ. ಪ್ರತಿ ಖರೀದಿಯೂ ಇದಕ್ಕೆ ಸೇರುತ್ತದೆ. ಅಸಲಿನ ಮರುಪಾವತಿಯಾಗಿ ಬಂದ ಹಣ ಕಳೆಯುತ್ತದೆ. ನಗದು ಕೈಗೆ ಬಾರದೆ ನಿಧಿಯೊಳಗೇ ಮರುಹೂಡಿಕೆಯಾದ ಹಂಚಿಕೆಯೂ ಸೇರುತ್ತದೆ. ಈ ಕೊನೆಯದನ್ನು ಬರೆಯದೆ ಬಿಟ್ಟರೆ ಒಂದೇ ಲಾಭಕ್ಕೆ ಎರಡು ಸಲ ತೆರಿಗೆ ಕಟ್ಟಿದಂತಾಗುತ್ತದೆ. ವಿವರಗಳು ಟಿ3 ಎಂಬ ತೆರಿಗೆ ವಿವರದ ಚೀಟಿಯಲ್ಲಿಯೂ ಇಟಿಎಫ್ ಸಂಸ್ಥೆಯ ವರ್ಷಾಂತ್ಯದ ಪ್ರಕಟಣೆಯಲ್ಲಿಯೂ ಸಿಗುತ್ತವೆ. ಟಿ3 ಚೀಟಿಗಳು ಮಾರ್ಚ್ ಕೊನೆಯವರೆಗೂ ಬರುತ್ತಿರುವುದರಿಂದ ಫೆಬ್ರುವರಿಯಲ್ಲೇ ರಿಟರ್ನ್ ಸಲ್ಲಿಸುವ ಆತುರ ಬೇಡ.

ನಷ್ಟ ತೋರಿಸಲೆಂದು ಮಾರಿದರೆ, ಮಾರುವ ಮುಂಚಿನ ಮತ್ತು ನಂತರದ ಮೂವತ್ತು ದಿನಗಳಲ್ಲಿ ಅದೇ ಇಟಿಎಫ್ ಅನ್ನು ನೀವಾಗಲಿ ನಿಮ್ಮ ಪತ್ನಿ ಅಥವಾ ಪತಿಯಾಗಲಿ ಕೊಂಡು ಇಟ್ಟುಕೊಂಡರೆ ಆ ನಷ್ಟವನ್ನು ಇಲಾಖೆ ಒಪ್ಪುವುದಿಲ್ಲ. ನಿಮ್ಮದೇ ಟಿಎಫ್‌ಎಸ್‌ಎಯಲ್ಲಿ ಕೊಂಡರೂ ಅಷ್ಟೇ.

ಮುಂದೆ ಭಾರತಕ್ಕೆ ಮರಳುವ ಯೋಚನೆ ಇದೆ. ಆಗ ಈ ಇಟಿಎಫ್‌ಗಳ ಗತಿ ಏನು?

ಖಾತೆಯ ಮೇಲೆ ಅವಲಂಬಿಸಿದೆ. ಸಾಮಾನ್ಯ ಖಾತೆಯಲ್ಲಿರುವ ಇಟಿಎಫ್‌ಗಳನ್ನು ನೀವು ಕೆನಡಾದ ನಿವಾಸಿತ್ವ ಕಳೆದುಕೊಂಡ ದಿನ ಮಾರಿದಂತೆ ಪರಿಗಣಿಸಿ, ಅಂದಿನ ಬೆಲೆಯ ಪ್ರಕಾರ ಬಂಡವಾಳ ಲಾಭದ ತೆರಿಗೆ ಹಾಕುತ್ತಾರೆ. ಆರ್‌ಆರ್‌ಎಸ್‌ಪಿ ಮತ್ತು ಟಿಎಫ್‌ಎಸ್‌ಎಗಳಿಗೆ ಇದು ಅನ್ವಯಿಸುವುದಿಲ್ಲ. ಹೊರಟುಹೋದ ಮೇಲೆ ಆರ್‌ಆರ್‌ಎಸ್‌ಪಿಯಿಂದ ಒಟ್ಟಿಗೆ ಹಣ ತೆಗೆದರೆ ಕೆನಡಾ ಶೇ 25 ಕಡಿತ ಮಾಡುತ್ತದೆ. ಇಲ್ಲಿದ್ದಾಗ ಶೇ 40ಕ್ಕಿಂತ ಹೆಚ್ಚಿನ ದರದಲ್ಲಿ ರಿಯಾಯಿತಿ ಪಡೆದವರಿಗೆ ಇದು ಕೆಟ್ಟ ವ್ಯವಹಾರವೇನಲ್ಲ, ಆದರೆ ಭಾರತದ ತೆರಿಗೆಯನ್ನೂ ಜೊತೆಗೆ ಲೆಕ್ಕ ಹಾಕಬೇಕು. ಟಿಎಫ್‌ಎಸ್‌ಎಯನ್ನು ಇಟ್ಟುಕೊಳ್ಳಬಹುದು, ಹೊಸ ಹಣ ಹಾಕುವಂತಿಲ್ಲ. ಹಾಕಿದರೆ ತಿಂಗಳಿಗೆ ಶೇ 1ರ ದಂಡ ಇಲ್ಲಿಯೂ ಇದೆ. ಮುಖ್ಯವಾಗಿ, ಟಿಎಫ್‌ಎಸ್‌ಎಗೆ ಕೆನಡಾ ಕೊಟ್ಟ ವಿನಾಯಿತಿಯನ್ನು ಭಾರತದ ಕಾನೂನು ಗುರುತಿಸುವುದಿಲ್ಲ. ಮರಳಿದವರಿಗೆ ಸಾಮಾನ್ಯವಾಗಿ ಮೊದಲ ಎರಡು ಮೂರು ವರ್ಷ ವಿದೇಶಿ ಆದಾಯಕ್ಕೆ ಭಾರತದಲ್ಲಿ ತೆರಿಗೆ ಬೀಳದ ಸ್ಥಾನಮಾನ ಸಿಗುತ್ತದೆ. ಟಿಎಫ್‌ಎಸ್‌ಎಯನ್ನು ಆ ಅವಧಿಯೊಳಗೆ ಅಥವಾ ಹೊರಡುವ ಮೊದಲೇ ಮಾರಿಬಿಡುವುದು ಸರಳ ದಾರಿ.

ಹೊರಡುವ ಮೊದಲು ಬ್ರೋಕರೇಜ್‌ಗೆ ಕೇಳಬೇಕಾದ್ದು ಒಂದಿದೆ: ಭಾರತದ ವಿಳಾಸಕ್ಕೆ ಬದಲಾಯಿಸಿದ ಮೇಲೆ ಖಾತೆಯಲ್ಲಿ ಖರೀದಿಗೆ ಅವಕಾಶ ಇರುತ್ತದೆಯೇ, ಮಾರಾಟಕ್ಕೆ ಮಾತ್ರವೇ, ಅಥವಾ ಖಾತೆಯನ್ನೇ ಮುಚ್ಚಬೇಕೇ? ಸಂಸ್ಥೆಯಿಂದ ಸಂಸ್ಥೆಗೆ ಉತ್ತರ ಬೇರೆಯಾಗುತ್ತದೆ. ಬಿಡಿಬಿಡಿಯಾಗಿ ಐದಾರು ನಿಧಿ ಇಟ್ಟು, ಪ್ರಮಾಣ ಸರಿಪಡಿಸಲು ಕೊಳ್ಳುತ್ತ ಮಾರುತ್ತ ಇರಬೇಕಾದವರಿಗೆ ಮಾರಾಟ ಮಾತ್ರ ಸಾಧ್ಯವಿರುವ ಖಾತೆ ದೊಡ್ಡ ತೊಡಕು. ಒಂದೇ ಇಟಿಎಫ್‌ನಲ್ಲಿ ಎಲ್ಲವನ್ನೂ ಇಟ್ಟವರಿಗೆ, ಆ ಹೊಂದಾಣಿಕೆ ನಿಧಿಯೊಳಗೇ ನಡೆಯುವುದರಿಂದ, ಬೇಕಾದಾಗ ಬೇಕಾದಷ್ಟು ಮಾರುವ ಕೆಲಸವಷ್ಟೇ ಉಳಿಯುತ್ತದೆ.